ದ್ರಾಕ್ಷಿ ಹಿಸುಕುವ ಮೊದಲು

ಡಿಸೆಂಬರ್ ರಜೆಗೆ ಊರಿಗೆ ಬರುವ ನಮ್ಮ ಮಕ್ಕಳಿಗೆ ಈಚೆಗೆ ಒಂದು ಹೊಸ ಚಪಲ ಹತ್ತಿದೆ. ಅಮೆರಿಕದಲ್ಲೋ ಕೆನಡಾದಲ್ಲೋ ಯಾವುದಾದರೂ ವೈನರಿಗೆ ಹೋಗಿ, ಅಲ್ಲಿಯ ತಜ್ಞರು ಹೇಳಿಕೊಟ್ಟಂತೆ ತಾವೇ ದ್ರಾಕ್ಷಿ ಆರಿಸಿ, ಹಿಂಡಿ, ಹುಳಿ ಬರಿಸಿ, ಬಾಟಲಿಗೆ ತುಂಬಿ, ಮೇಲೆ ಮಗಳ ಹೆಸರಿನ ಚೀಟಿ ಅಂಟಿಸಿ ಬಂದಿರುತ್ತಾರೆ. ಒಳ್ಳೆಯದೇ. ಕೈಯಾರೆ ಏನಾದರೂ ಮಾಡುವ ಆಸೆ ನೇಕಾರರ ಮನೆ ಮಕ್ಕಳಿಗಲ್ಲದೆ ಇನ್ಯಾರಿಗೆ ಬರಬೇಕು? ಆದರೆ ಅದೇ ಹುರುಪಿನಲ್ಲಿ ನಮ್ಮೂರು ತಾರಮಂಗಲದ ಮನೆಯಲ್ಲಿ ಉಪ್ಪಿನಕಾಯಿ ಭರಣಿ ಖಾಲಿ ಮಾಡಿಸಿ, ಸೇಲಂ ಮಾರ್ಕೆಟ್ಟಿನಿಂದ ಐದು ಕಿಲೋ ಪನ್ನೀರ್ ದ್ರಾಕ್ಷಿ ತಂದು ಸುರಿದು, "ಇಪ್ಪತ್ತೊಂದು ದಿನ ಅಷ್ಟೇ, ವಿಡಿಯೊದಲ್ಲಿ ನೋಡಿದ್ದೇವೆ" ಎನ್ನುತ್ತೀರಲ್ಲ, ಅಲ್ಲಿ ನಾನು ಅಡ್ಡ ಬರುತ್ತೇನೆ. ಬೈಸಿಕೊಂಡೆವು ಅಂದುಕೊಳ್ಳಬೇಡಿ. ನಾಲ್ಕು ಮಾತು ಕೇಳಿ, ಆಮೇಲೆ ನಿಮ್ಮಿಷ್ಟ.

ಮೊದಲನೆಯದು ಕಾನೂನಿನ ಮಾತು. ನೀವು ನಿಂತಿರುವುದು ಯಾವ ನೆಲ ಅಂತ ಗೊತ್ತಿರಲಿ. 1937ರ ಅಕ್ಟೋಬರ್ 1ರಂದು, ಮದ್ರಾಸ್ ಪ್ರಾಂತ್ಯದ ಪ್ರೀಮಿಯರ್ ಆಗಿದ್ದ ರಾಜಾಜಿಯವರು ಪಾನನಿಷೇಧವನ್ನು ಮೊದಲು ಜಾರಿಗೆ ತಂದದ್ದೇ ನಮ್ಮ ಸೇಲಂ ಜಿಲ್ಲೆಯಲ್ಲಿ. ಆಗ ಧರ್ಮಪುರಿ, ಕೃಷ್ಣಗಿರಿ, ಹೊಸೂರು, ನಾಮಕ್ಕಲ್ ಎಲ್ಲವೂ ಸೇಲಂ ಜಿಲ್ಲೆಯೊಳಗೇ ಇದ್ದವು. ರಾಜಾಜಿಯವರೇನು ಹೊರಗಿನವರಲ್ಲ. ಹುಟ್ಟಿದ್ದು ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ, ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ವಕೀಲಿ ಮಾಡಿದ್ದು ಸೇಲಂನಲ್ಲಿ. ಕುಡಿತ ನೇಕಾರರ, ಕೂಲಿಕಾರರ ಮನೆಗಳಿಗೆ ಏನು ಮಾಡುತ್ತದೆಂದು ಕಣ್ಣಾರೆ ಕಂಡವರು. ನಿಷೇಧದಿಂದ ಖೋತಾ ಆದ ಆದಾಯವನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆ ಹಾಕಿದರು. ಇವತ್ತಿಗೂ ನಾವು ಅಂಗಡಿಯಲ್ಲಿ ಕೊಡುವ ತೆರಿಗೆಯ ಬೇರು ಅಲ್ಲಿದೆ.

ಆಮೇಲೆ 1971ರಲ್ಲಿ ನಿಷೇಧ ಸಡಿಲಾಯಿತು, ಮತ್ತೆ ಬಿಗಿಯಾಯಿತು, ಮತ್ತೆ ಸಡಿಲಾಯಿತು. 1983ರಲ್ಲಿ ಸರ್ಕಾರಿ ಮದ್ಯ ನಿಗಮ ಟಾಸ್ಮಾಕ್ ಬಂತು. ಇದನ್ನೆಲ್ಲ ಹೇಳಿದರೆ ನಿಮ್ಮ ಪ್ರಶ್ನೆ ಸಿದ್ಧವಾಗಿರುತ್ತದೆ: "ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವುದನ್ನು ಮನೆಯಲ್ಲಿ ಮಾಡಿಕೊಂಡರೆ ತಪ್ಪೇನು, ಚಿಕ್ಕಮ್ಮ?" ತಪ್ಪಿದೆ. 1937ರ ಆ ಕಾಯಿದೆ ಇನ್ನೂ ಜೀವಂತವಾಗಿದೆ. ತಮಿಳುನಾಡಿನಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮತ್ತು ವೈನ್ ಕೂಡ ಮದ್ಯವೇ. "ನಮ್ಮ ಮನೆ ಮಟ್ಟಿಗೆ ಮಾತ್ರ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. 2024ರ ಜೂನ್‌ನಲ್ಲಿ ವಿಧಾನಸಭೆ ಶಿಕ್ಷೆಯನ್ನು ಇನ್ನಷ್ಟು ಬಿಗಿ ಮಾಡಿದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುವ ಲೋಕ ಇದು. ನಿಮ್ಮ ಭರಣಿಯಲ್ಲಿ ನಿಜವಾಗಿಯೇ ಹುಳಿ ಏಳುತ್ತಿದ್ದರೆ ಸುಮ್ಮನೆ ಬಿಡುತ್ತಾರೆಯೇ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಅತ್ತಿಬೆಲೆಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಸಮಸ್ಯೆ ತೀರಿತು ಎಂದೂ ಎಣಿಸಬೇಡಿ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆ, ಕೊಡಗಿನ ಮನೆಗಳಲ್ಲಿ ಹಬ್ಬಹುಣ್ಣಿಮೆಗೆ ದ್ರಾಕ್ಷಿ, ಶುಂಠಿ, ವೀಳ್ಯದೆಲೆಯಿಂದೆಲ್ಲ ವೈನ್ ಮಾಡುವ ರೂಢಿ ಇರುವುದು ನಿಜ. ರೂಢಿ ಬೇರೆ, ಪರವಾನಗಿ ಬೇರೆ. ಕರ್ನಾಟಕದಲ್ಲೂ 1965ರ ಅಬಕಾರಿ ಕಾಯಿದೆ ಇದೆ, ಮದ್ಯ ತಯಾರಿಕೆಗೆ ಅಲ್ಲೂ ಅನುಮತಿ ಬೇಕು. ಕೇರಳದಲ್ಲಿ ಹಣ್ಣಿನಿಂದ ಸಣ್ಣ ಪ್ರಮಾಣದಲ್ಲಿ ವೈನ್ ಮಾಡುವವರಿಗಾಗಿ 2022ರಲ್ಲಿ ನಿಯಮಗಳು ಬಂದವು, ಅದೂ ಪರವಾನಗಿ ಪಡೆದವರಿಗೇ.

ಹಾಗಾದರೆ ಈ ವಿದ್ಯೆ ಕಲಿಯುವುದೇ ಬೇಡವೇ? ಕಲಿಯಿರಿ. ಕಲಿಯುವ ಜಾಗದಲ್ಲಿ ಕಲಿಯಿರಿ. ಅಮೆರಿಕದಲ್ಲಿ ಇರುವವರಿಗೆ ಅಲ್ಲಿಯ ಕೇಂದ್ರ ಕಾನೂನು ಮನೆ ಬಳಕೆಗೆ ವೈನ್ ಮಾಡಿಕೊಳ್ಳಲು ಬಿಡುತ್ತದೆ. ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200 ಗ್ಯಾಲನ್. ಮಾರುವ ಹಾಗಿಲ್ಲ. ಕೆನಡಾದ ಒಂಟಾರಿಯೊದಂಥ ಕಡೆ ನೀವೇ ಹೋಗಿ, ಅವರ ಪೀಪಾಯಿಯಲ್ಲಿ, ಅವರ ಉಸ್ತುವಾರಿಯಲ್ಲಿ ಮಾಡಿಕೊಂಡು ಬರುವ ಅಂಗಡಿಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ತೋಟದ ಸಾಲು ಆರಿಸುವುದರಿಂದ ಬಾಟಲಿಗೆ ಬಿರಡೆ ಹಾಕುವವರೆಗೆ ವೈನ್ ತಯಾರಕರೇ ಜೊತೆಗಿದ್ದು ಮಾಡಿಸುವ ವೈನರಿಗಳಿವೆ. ಅಂಥಲ್ಲಿ ಒಂದು ಪೀಪಾಯಿ ಎಂದರೆ ಸುಮಾರು 225 ಲೀಟರ್, ಬಾಟಲಿ ಲೆಕ್ಕದಲ್ಲಿ 300. ಒಬ್ಬರೇ ಹೊಣೆ ಹೊರಬೇಡಿ, ನಾಲ್ಕೈದು ಮನೆಯವರು ಸೇರಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ.

"ತಜ್ಞರೆಲ್ಲ ಯಾಕೆ, ನಾವೇ ಓದಿಕೊಂಡು ಮಾಡುತ್ತೇವೆ" ಎನ್ನುವ ಜಾಣರಿಗೆ ಒಂದು ಉದಾಹರಣೆ ಸಾಕು. ಬೆಂಗಳೂರಿನ ಹತ್ತಿರ ನಂದಿಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ ಅವರು 1988ರಲ್ಲಿ ದ್ರಾಕ್ಷಿತೋಟ ಹಾಕಿದರು. ಹಣವಿತ್ತು, ಹುಮ್ಮಸ್ಸಿತ್ತು. ಆದರೂ ತಾವೇ ಬಲ್ಲೆ ಎನ್ನಲಿಲ್ಲ. ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್ ಅವರನ್ನು ಕರೆಸಿ, ಯಾವ ತಳಿ ನಮ್ಮ ಮಣ್ಣಿಗೆ ಒಗ್ಗುತ್ತದೆ ಎಂದು ಮೊದಲು ಪರೀಕ್ಷೆ ಮಾಡಿಸಿದರು. ವೈನ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ಆಮೇಲೂ ಬೋರ್ಡೊದ ಮಿಷೆಲ್ ರೋಲಾಂ ಅವರ ಸಲಹೆ ಪಡೆದರು. ಅಂಥವರೇ ಗುರುವನ್ನು ಹುಡುಕಿಕೊಂಡು ಹೋದ ಮೇಲೆ, ಹತ್ತು ನಿಮಿಷದ ವಿಡಿಯೊ ನೋಡಿದ ನಿಮ್ಮ ಧೈರ್ಯಕ್ಕೆ ಏನನ್ನಲಿ?

ತಜ್ಞರೆಂದು ಬೋರ್ಡು ಹಾಕಿಕೊಂಡವರೆಲ್ಲ ತಜ್ಞರಲ್ಲ, ಬೆಳ್ಳಗಿರುವುದೆಲ್ಲ ಹಾಲಲ್ಲ. ದುಡ್ಡು ಕಟ್ಟುವ ಮೊದಲು ಕೇಳಿ: ದ್ರಾಕ್ಷಿ ಯಾವ ತೋಟದ್ದು? ಸಕ್ಕರೆ, ಆಮ್ಲ, ಪಿ.ಎಚ್. ಅಳೆದು ಬರೆದಿಡುತ್ತೀರಾ? ಆ ಪುಸ್ತಕ ನನಗೂ ತೋರಿಸುತ್ತೀರಾ? ನನ್ನ ಪೀಪಾಯಿ ಕೆಟ್ಟರೆ ಯಾರ ಹೊಣೆ? ನಾನಿಲ್ಲದ ದಿನಗಳಲ್ಲಿ ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವವರ ಹತ್ತಿರ ನಿಲ್ಲಬೇಡಿ. ತಾಳ್ಮೆಯಿಂದ ಉತ್ತರ ಹೇಳುವವರು ಸಿಕ್ಕರೆ, ಅವರು ಹೇಳಿದ ಮೇಲೆ ಎದುರು ವಾದ ಹೂಡಬೇಡಿ. ಹಣ ಕೊಟ್ಟಿದ್ದೇವೆ ಎಂದು ಗುರುವಿಗೇ ಪಾಠ ಹೇಳುವ ಚಾಳಿ ನಿಮ್ಮಲ್ಲಿ ಕೆಲವರಿಗಿದೆ.

ಈಗ ದ್ರಾಕ್ಷಿಗೆ ಬನ್ನಿ. ಎಲ್ಲ ಗುಟ್ಟೂ ಇರುವುದು ಇಲ್ಲೇ. ಮಗ್ಗದಲ್ಲಿ ಹಾಸು ಕೆಟ್ಟರೆ ಹೊಕ್ಕಿನಿಂದ ಸರಿಮಾಡಲಾಗದು ಎಂಬುದು ನಮ್ಮ ದೇವಾಂಗರ ಬೀದಿಯ ಮಗುವಿಗೂ ಗೊತ್ತು. ದ್ರಾಕ್ಷಿಯೂ ಹಾಗೆಯೇ. ನಮ್ಮ ಕಡೆ ಸಿಗುವ ಪನ್ನೀರ್ ದ್ರಾಕ್ಷಿ ತೇಣಿ ಜಿಲ್ಲೆಯ ಕಂಬಂ ಕಣಿವೆಯದು. ಮಸ್ಕಟ್ ಹ್ಯಾಂಬರ್ಗ್ ಎಂಬ ತಳಿ. ಕರ್ನಾಟಕದಲ್ಲಿ ಅದನ್ನೇ ಗುಲಾಬಿ ದ್ರಾಕ್ಷಿ ಎನ್ನುತ್ತಾರೆ. ಬಾಯಿಗಿಟ್ಟರೆ ಪನ್ನೀರಿನ ಪರಿಮಳ. ಬೆಂಗಳೂರು ಬ್ಲೂ ಎಂಬುದು ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯದು. ಭೌಗೋಳಿಕ ಗುರುತು ಪಡೆದ ತಳಿ, ದಪ್ಪ ಸಿಪ್ಪೆ, ಗಾಢ ಬಣ್ಣ, ಮೂಗಿಗೆ ಹೊಡೆಯುವ ವಾಸನೆ. ರಸಕ್ಕೆ, ಜಾಮ್‌ಗೆ ಇದಕ್ಕಿಂತ ಒಳ್ಳೆಯದಿಲ್ಲ. ಸಿಹಿಯಿಲ್ಲದ ಒಳ್ಳೆಯ ವೈನ್‌ಗೆ ಮಾತ್ರ ಆ ವಾಸನೆ ಹೊಂದಿಬರುವುದು ಕಷ್ಟ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಂಗಳೂರು ಬ್ಲೂ ಜೊತೆ ಬ್ಲ್ಯಾಕ್ ಚಂಪಾ ಕೂಡಿಸಿ ಅರ್ಕಾ ಶ್ಯಾಮ್ ಎಂಬ ತಳಿ ಮಾಡಿದ್ದಾರೆ. ಅದು ತಿನ್ನಲೂ ಆಗುತ್ತದೆ, ವೈನ್‌ಗೂ ಆಗುತ್ತದೆ. ವೈನರಿಯವರು ಬೆಳೆಸುವ ಕ್ಯಾಬರ್ನೆ ಸೋವಿನ್ಯೊ, ಶಿರಾಜ್‌ಗಳ ಕಾಳು ಚಿಕ್ಕದು, ಬೀಜ ಹೆಚ್ಚು, ತಿನ್ನಲು ಅಷ್ಟೇನೂ ರುಚಿಯಿಲ್ಲ. ಕೆಲಸಕ್ಕೆ ಬರುವುದು ಅದೇ.

ಮುಖ್ಯ ವಿಷಯ ಸಕ್ಕರೆ. ವೈನ್ ದ್ರಾಕ್ಷಿಯನ್ನು 22ರಿಂದ 24 ಬ್ರಿಕ್ಸ್ ಬರುವವರೆಗೆ ಬಳ್ಳಿಯಲ್ಲೇ ಬಿಡುತ್ತಾರೆ. ಅಂದರೆ ನೂರು ಗ್ರಾಂ ರಸದಲ್ಲಿ ಸುಮಾರು ಅಷ್ಟು ಗ್ರಾಂ ಸಕ್ಕರೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುಳಿ ಬಂದರೆ ಶೇಕಡ 1ರಷ್ಟು ಆಲ್ಕೋಹಾಲ್ ಆಗುತ್ತದೆ. ಈ ಲೆಕ್ಕ ತಿಳಿದವರು ಮಾರ್ಕೆಟ್ಟಿನ ಸಿಹಿ ಕಡಿಮೆಯ ದ್ರಾಕ್ಷಿಗೆ ಎಷ್ಟು ಸಕ್ಕರೆ ಸೇರಿಸಬೇಕೆಂದು ತೂಗಿ ಹಾಕುತ್ತಾರೆ. ತಿಳಿಯದವರು ಒಂದು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಸಕ್ಕರೆ ಸುರಿಯುತ್ತಾರೆ. ಅದು ವೈನ್ ಆಗುವುದಿಲ್ಲ, ನಶೆ ಬರುವ ಪಾಕವಾಗುತ್ತದೆ. ಯೀಸ್ಟಿಗೂ ಅಷ್ಟು ಸಕ್ಕರೆ ತಡೆಯದು, ಅರ್ಧಕ್ಕೇ ಸೋತು ಕೂರುತ್ತದೆ. ಕಣ್ಣಳತೆ ಸಾರಿಗೆ ಸರಿ, ಇಲ್ಲಿ ಹೈಡ್ರೋಮೀಟರ್ ಬೇಕು. ಉದ್ದ ಗಾಜಿನ ಕೊಳವೆಯಲ್ಲಿ ರಸ ಹಾಕಿ ಅದನ್ನು ಬಿಟ್ಟರೆ ಆರಂಭದಲ್ಲಿ 1.090ರ ಆಸುಪಾಸಿನಲ್ಲಿ ತೇಲುತ್ತದೆ. ದಿನ ಕಳೆದಂತೆ ಒಳಗೆ ಇಳಿಯುತ್ತದೆ. 0.995ರ ಹತ್ತಿರ ಬಂದು ಎರಡು ಮೂರು ದಿನ ಅಲ್ಲೇ ನಿಂತರೆ ಸಕ್ಕರೆ ಮುಗಿಯಿತು ಎಂದು ಅರ್ಥ. ಗುಳ್ಳೆ ನಿಂತಿತು, ಆದ್ದರಿಂದ ಆಯಿತು ಎನ್ನುವುದು ಊಹೆ. ಊಹೆಯ ಮೇಲೆ ಬಾಟಲಿ ಮುಚ್ಚುವವರ ಗತಿ ಮುಂದೆ ಹೇಳುತ್ತೇನೆ.

ಗೊಂಚಲು ತಂದ ಮೇಲೆ ಕೊಳೆತ ಕಾಳು, ಬೂಷ್ಟು ಹಿಡಿದ ಕಾಳು, ಹಸಿರು ತೊಟ್ಟು ಎಲ್ಲ ಒಂದೊಂದಾಗಿ ತೆಗೆಯಿರಿ. ಬೇಸರದ ಕೆಲಸ, ಆದರೂ ಫೋನ್ ಬದಿಗಿಟ್ಟು ಮಾಡಿ. ಒಂದು ಕೊಳೆತ ಗೊಂಚಲು ಇಡೀ ಪೀಪಾಯಿಯನ್ನು ವಿನೆಗರ್ ವಾಸನೆಗೆ ತಳ್ಳಬಲ್ಲದು. ಕಾಳು ಒಡೆಯಬೇಕು, ಬೀಜ ಒಡೆಯಬಾರದು. ಬೀಜ ಜಜ್ಜಿದರೆ ಕಹಿ ಇಳಿಯುತ್ತದೆ. ಅದಕ್ಕೇ ಹಿಂದಿನವರು ಕಾಲಿನಿಂದ ತುಳಿಯುತ್ತಿದ್ದರು. ಮಿಕ್ಸಿಗೆ ಹಾಕುವ ಮಹಾನುಭಾವರನ್ನು ನಾನು ನೋಡಿದ್ದೇನೆ. ದಯವಿಟ್ಟು ಆ ಕೆಲಸ ಬೇಡ.

ಇನ್ನು ಶುಚಿ. ವೈನ್ ತಯಾರಕರನ್ನು ಕೇಳಿ ನೋಡಿ, ದಿನದ ಬಹುಪಾಲು ತೊಳೆಯುವುದರಲ್ಲೇ ಕಳೆಯುತ್ತದೆ ಎನ್ನುತ್ತಾರೆ. ನಿಮಗೆ ಅದೇ ಬೇಡದ ಕೆಲಸ. ಪಾತ್ರೆ, ಸೌಟು, ಕೊಳವೆ, ಜಾಲರಿ, ನಿಮ್ಮ ಕೈ, ಎಲ್ಲವೂ ತೊಳೆದು ಸೋಂಕು ಕಳೆದಿರಬೇಕು. ಸೋಪಿನ ವಾಸನೆ ಉಳಿಯಬಾರದು. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಕಬ್ಬಿಣ ಹತ್ತಿರ ಸುಳಿಯಬಾರದು, ದ್ರಾಕ್ಷಿಯ ಹುಳಿ ಅವನ್ನು ತಿನ್ನುತ್ತದೆ. ಗಾಜು, ಒಳ್ಳೆಯ ಸ್ಟೀಲ್, ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಆಗಬಹುದು. ಅಜ್ಜಿ ಕಾಲದ ಭರಣಿ ಚಂದ ಕಾಣುತ್ತದೆ ಎಂದು ಅದರಲ್ಲಿ ತುಂಬಬೇಡಿ. ಹಳೆಯ ಮೆರುಗಿನಲ್ಲಿ ಸೀಸ ಇರಬಹುದು, ಉಪ್ಪಿನಕಾಯಿಯ ಎಣ್ಣೆಯಂತೂ ಇದ್ದೇ ಇರುತ್ತದೆ.

ದ್ರಾಕ್ಷಿ ಹಿಸುಕಿದ ಕೂಡಲೇ ಹಾಕುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಬಗ್ಗೆ ನಿಮಗೆ ಎರಡು ಅತಿಗಳು. ಒಂದೋ "ಕೆಮಿಕಲ್ ಬೇಡ" ಎನ್ನುತ್ತೀರಿ, ಇಲ್ಲವೇ ಚಮಚದಲ್ಲಿ ಸುರಿಯುತ್ತೀರಿ. ಬೇಡದ ಬ್ಯಾಕ್ಟೀರಿಯಾ, ಕಾಡು ಯೀಸ್ಟ್ ಅಡಗಿಸಲು ಅದು ಬೇಕು. ಅಳತೆ ಮಾತ್ರ ತೀರಾ ಸಣ್ಣದು. ಹತ್ತು ಲೀಟರ್ ರಸಕ್ಕೆ ಒಂದು ಗ್ರಾಮಿಗಿಂತ ಕಡಿಮೆ. ಅಡುಗೆಮನೆ ತಕ್ಕಡಿ ಅದನ್ನು ತೂಗಲಾರದು, ಚಿನ್ನ ತೂಗುವಂಥ ತಕ್ಕಡಿ ಬೇಕು. ಅಸ್ತಮಾ ಇರುವವರು ಅದರ ಹೊಗೆಗೆ ಮುಖ ಕೊಡಬಾರದು, ಕುಡಿಯುವಾಗಲೂ ಜಾಗ್ರತೆ. ಎಷ್ಟು, ಯಾವಾಗ ಎಂಬುದನ್ನು ತಜ್ಞರಿಗೇ ಬಿಡಿ. ಅವರಿಗೆ ದುಡ್ಡು ಕೊಡುವುದು ಇಂಥದ್ದಕ್ಕೇ.

ಯೀಸ್ಟ್ ಎಂದರೆ ಬ್ರೆಡ್ಡಿನ ಯೀಸ್ಟ್ ಪೊಟ್ಟಣ ಹರಿದು ಸುರಿಯುವುದಲ್ಲ. ವೈನ್‌ಗೆಂದೇ ಬೇರೆ ಯೀಸ್ಟ್ ಇದೆ. ನೂರು ಲೀಟರಿಗೆ 20–25 ಗ್ರಾಂ ಸಾಕು. 35–40 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಅದು ಎಚ್ಚೆತ್ತ ಮೇಲೆ ರಸಕ್ಕೆ ಬಿಡಬೇಕು. ಹಿಡಿ ಗೋಧಿ, ಲವಂಗ, ಚಕ್ಕೆ ಹಾಕುವುದು ನಮ್ಮ ಮನೆಗಳ ರೂಢಿ. ವೈನರಿಯಲ್ಲಿ ಅದನ್ನು ಕೇಳಿ ನಗೆಪಾಟಲಾಗಬೇಡಿ.

ಇನ್ನು ಬಿಸಿ. ಕೆಂಪು ವೈನ್‌ಗೆ 22ರಿಂದ 28 ಡಿಗ್ರಿ ಹಿತ. ಬಿಳಿ ವೈನ್‌ಗೆ ಇನ್ನೂ ತಣ್ಣಗಿರಬೇಕು, 12ರಿಂದ 18. ಹುಳಿ ಏಳುವಾಗ ರಸ ತಾನೇ ಬಿಸಿಯಾಗುತ್ತದೆ. 35 ದಾಟಿದರೆ ಯೀಸ್ಟ್ ಸಾಯುತ್ತದೆ, ಸಕ್ಕರೆ ಅರ್ಧ ಉಳಿಯುತ್ತದೆ, ಬೇಡದ ಬ್ಯಾಕ್ಟೀರಿಯಾಗೆ ಹಬ್ಬ. ಸೇಲಂನ ಏಪ್ರಿಲ್ ಬಿಸಿಲು 38, 40 ಮುಟ್ಟುತ್ತದೆ. ಕಾನೂನು ಬದಿಗಿಟ್ಟು ನೋಡಿದರೂ ನಮ್ಮ ಹೆಂಚಿನ ಮನೆಯ ಮೂಲೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ.

ಎರಡನೆಯ ದಿನ ವೈನರಿಯ ತೊಟ್ಟಿಯನ್ನು ಹತ್ತಿರದಿಂದ ನೋಡಿ. ಸಿಪ್ಪೆಗಳೆಲ್ಲ ಮೇಲೆ ತೇಲಿ ಅಂಗೈ ದಪ್ಪದ ಟೋಪಿಯಾಗಿ ಕೂತಿರುತ್ತವೆ. ಕಿವಿಗೊಟ್ಟರೆ ಒಳಗೆ ಸಣ್ಣಗೆ ಸಿಡಿಯುವ ಸದ್ದು. ಕೋಲಿನಿಂದ ಒತ್ತಿದರೆ ಬಿರುಕಿನಿಂದ ನೇರಳೆ ನೊರೆ ಉಕ್ಕಿ ಬರುತ್ತದೆ. ಬಣ್ಣ, ಒಗರು, ಪರಿಮಳ ಇರುವುದು ಆ ಸಿಪ್ಪೆಯಲ್ಲೇ. ಆದ್ದರಿಂದ ದಿನಕ್ಕೆ ಎರಡು ಮೂರು ಸಲ ಅದನ್ನು ರಸದೊಳಗೆ ಮುಳುಗಿಸಬೇಕು. ಬಿಟ್ಟರೆ ಮೇಲೆ ಒಣಗಿ ಬೂಷ್ಟು ಬರುತ್ತದೆ, ನೊಣ ಕೂರುತ್ತದೆ. "ನಾಳೆ ಮಾಡೋಣ" ಎಂಬ ಮಾತು ಇಲ್ಲಿ ಇಲ್ಲವೇ ಇಲ್ಲ.

ಆ ತೊಟ್ಟಿಯೊಳಗೆ ತಲೆ ಇಳಿಬಿಟ್ಟು ಮೂಸಬೇಡಿ. ಒಂದು ಲೀಟರ್ ರಸ ಹುಳಿ ಬಂದು ಮುಗಿಯುವಷ್ಟರಲ್ಲಿ ಸುಮಾರು 50 ಲೀಟರ್ ಕಾರ್ಬನ್ ಡೈ ಆಕ್ಸೈಡ್ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ನೆಲದ ಮಟ್ಟಕ್ಕೆ ಇಳಿದು ತುಂಬಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಅಪಾಯ. ಕಿಟಕಿ ತೆರೆದಿರಲಿ, ಮಕ್ಕಳನ್ನು ಒಳಗೆ ಬಿಡಬೇಡಿ, ಒಬ್ಬರೇ ಇಳಿದು ತೊಟ್ಟಿ ತೊಳೆಯಬೇಡಿ. ಪಾತ್ರೆಯನ್ನು ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಬಾಯಿ ಬಿಗಿದು ಕಟ್ಟಬೇಡಿ. ಅನಿಲ ಹೊರಹೋಗಬೇಕು, ಹೊರಗಿನ ಗಾಳಿ ಒಳಬರಬಾರದು. ಅದಕ್ಕೆಂದೇ ಏರ್‌ಲಾಕ್ ಎಂಬ ಅಗ್ಗದ ಸಾಮಾನು ಇದೆ. ಬಟ್ಟೆ ಕಟ್ಟಿದೆವು, ಬಲೂನು ಸಿಕ್ಕಿಸಿದೆವು ಎಂಬ ಸರ್ಕಸ್ ಬೇಡ.

ಒಂದು ವಾರ, ಹತ್ತು ದಿನದಲ್ಲಿ ಹಿಪ್ಪೆ ಹಿಂಡಿ ಬೇರೆ ಮಾಡುತ್ತಾರೆ. ಜೋರಾಗಿ ಹಿಂಡಿದಷ್ಟೂ ಒಗರು, ಕಹಿ ಹೆಚ್ಚು. ಕೊನೆಯ ಹನಿಯವರೆಗೂ ಹಿಂಡುವ ಜಿಪುಣತನ ಬಿಡಿ. ನೂರು ಕಿಲೋ ದ್ರಾಕ್ಷಿಗೆ 60–70 ಲೀಟರ್ ಬಂದರೆ ಸರಿಯಾಗಿಯೇ ಬಂದಿದೆ. ಆಮೇಲೆ ಗಸಿ ಕೆಳಗೆ ಕೂರುತ್ತದೆ. ತಿಳಿಯನ್ನು ಕೊಳವೆಯಿಂದ ಅಲುಗಾಡಿಸದೆ ಬೇರೆ ಪಾತ್ರೆಗೆ ಇಳಿಸುವುದು, ಮತ್ತೆ ಕಾಯುವುದು, ಮತ್ತೆ ಇಳಿಸುವುದು. ಈ ಹಂತದಲ್ಲಿ ಪಾತ್ರೆ ತುಂಬಿರಬೇಕು, ಖಾಲಿ ಜಾಗದ ಗಾಳಿಯೇ ಶತ್ರು. ಆತುರಗಾರನಿಗೆ ಬುದ್ಧಿ ಮಟ್ಟ. ಇಪ್ಪತ್ತೊಂದು ದಿನಕ್ಕೆ ನೀವು ಕುಡಿಯುವುದು ಇನ್ನೂ ಕದಡಿದ, ನೊರೆ ಆರದ ಹುಳಿನೀರು. ಕೆಂಪು ವೈನ್‌ಗೆ ತಿಂಗಳುಗಟ್ಟಲೆ ಬೇಕು, ಓಕ್ ಪೀಪಾಯಿಗೆ ಹೋದರೆ ವರ್ಷವೂ ಆದೀತು. ತಾಳಿದವನು ಬಾಳಿಯಾನು.

ಬಾಟಲಿ ತುಂಬುವ ದಿನ ಎಲ್ಲರಿಗೂ ಉತ್ಸಾಹ, ಫೋಟೊ ಬೇರೆ. ಆ ಗಡಿಬಿಡಿಯಲ್ಲೇ ತಪ್ಪಾಗುವುದು. ಹೈಡ್ರೋಮೀಟರ್ ತೋರಿಸಿದ ಅಂಕಿ ಸ್ಥಿರವಾಗಿದೆಯೇ ಎಂದು ನೋಡದೆ ತುಂಬಿದರೆ, ಒಳಗೆ ಉಳಿದ ಸಕ್ಕರೆ ಮತ್ತೆ ಹುಳಿ ಬಂದು ಬಾಟಲಿ ಸಿಡಿಯುತ್ತದೆ. ಗಾಜಿನ ಚೂರು ಗೋಡೆಗೂ ನಾಟುತ್ತದೆ, ಕಣ್ಣಿಗೂ ನಾಟುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದಾಗಬಾರದು. ಸಿಹಿ ಬೇಕೆಂದವರು ಬಾಟಲಿಗೆ ಸಕ್ಕರೆ ಕದಡಿ ಮುಚ್ಚಬೇಡಿ, ಸ್ಥಿರಗೊಳಿಸುವ ಬಗೆಯನ್ನು ತಜ್ಞರಿಂದ ತಿಳಿದು ಮಾಡಿ. ಬಿರಡೆ ಹಾಕಿದ ಬಾಟಲಿಯನ್ನು ಮಲಗಿಸಿ, ತಣ್ಣನೆಯ ಕತ್ತಲೆ ಜಾಗದಲ್ಲಿ ಇಡಿ. ಫ್ರಿಜ್ಜಿನ ಮೇಲೆ, ಒಲೆಯ ಪಕ್ಕ, ಷೋಕೇಸಿನಲ್ಲಿ ಬೇಡ. ಚೀಟಿಯ ಮೇಲೆ ಮಗಳ ಹೆಸರಿನ ಜೊತೆಗೆ ತಳಿ, ವರ್ಷ, ಸಲ್ಫೈಟ್ ಇದೆ ಎಂಬುದನ್ನೂ ಬರೆಯಿರಿ.

ಈಗ ಬಿಟ್ಟಿದ್ದ ಮಾತು. ಎಷ್ಟೇ ಕುತೂಹಲ ಬರಲಿ, ವೈನನ್ನು ಕಾಯಿಸಿ ಭಟ್ಟಿ ಇಳಿಸುವ ಪ್ರಯೋಗಕ್ಕೆ ಕೈ ಹಾಕಬೇಡಿ. ಅಮೆರಿಕದಲ್ಲೂ ಅದಕ್ಕೆ ಪರವಾನಗಿ ಬೇಕು. ದ್ರಾಕ್ಷಿ ಹುಳಿ ಬರುವಾಗ ಮೆಥನಾಲ್ ಹುಟ್ಟುವುದು ತೀರಾ ಅಲ್ಪ, ವೈನ್‌ನಲ್ಲಿ ಅದರಿಂದ ಅಪಾಯವಿಲ್ಲ. ಅಪಾಯ ಇರುವುದು ಭಟ್ಟಿಯಲ್ಲಿ ಅದು ಒಂದೆಡೆ ಸೇರಿದಾಗ, ಅದಕ್ಕೂ ಹೆಚ್ಚಾಗಿ ಕಾರ್ಖಾನೆಯ ಮೆಥನಾಲನ್ನು ದುರಾಸೆಗೆ ಬೆರೆಸಿದಾಗ. ನಮ್ಮ ಪಕ್ಕದ ಕಳ್ಳಕುರಿಚ್ಚಿಯಲ್ಲಿ 2024ರ ಜೂನ್‌ನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು 60ಕ್ಕೂ ಹೆಚ್ಚು ಜನ ಸತ್ತರು. ಸೇಲಂನ ಸರ್ಕಾರಿ ಆಸ್ಪತ್ರೆಗೂ ಸಾಲುಸಾಲಾಗಿ ಜನರನ್ನು ತಂದರು. ಕಾನೂನಿಗೆ ಹಲ್ಲು ಬಂದದ್ದು ಆಮೇಲೆ. ಪೊಲೀಸರು ಭರಣಿಯ ಮುಚ್ಚಳ ತೆಗೆದು ನೋಡಿದರೆ "ಇದು ಬರೀ ವೈನ್, ಸಾರ್" ಎಂದು ನೀವು ಹೇಳುವ ಮಾತನ್ನು ಆ ಹೊತ್ತಿನಲ್ಲಿ ಯಾರು ನಂಬಬೇಕು?

ಊರಲ್ಲೇ ಇರುವವರಿಗೆ, ಐದು ಕಿಲೋ ದ್ರಾಕ್ಷಿ ಆಗಲೇ ತಂದುಬಿಟ್ಟವರಿಗೆ, ನನ್ನ ಹತ್ತಿರ ಬೇರೆ ದಾರಿ ಇದೆ. ಸ್ಕ್ವಾಷ್ ಮಾಡಿ. ದ್ರಾಕ್ಷಿ ಬಿಡಿಸಿ ಚೆನ್ನಾಗಿ ತೊಳೆದು, ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಸಿಪ್ಪೆ ಬಣ್ಣ ಬಿಡುವಷ್ಟು ಮಾತ್ರ ಬಿಸಿ ಮಾಡಿ. ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ. ಒಂದು ಲೀಟರ್ ರಸಕ್ಕೆ ಒಂದೂವರೆ ಕಿಲೋ ಸಕ್ಕರೆ, ಒಂದು ಲೀಟರ್ ನೀರು, 25–30 ಗ್ರಾಂ ಸಿಟ್ರಿಕ್ ಆಮ್ಲ. ಸಕ್ಕರೆ, ನೀರು, ಆಮ್ಲ ಸೇರಿಸಿ ಕಾಯಿಸಿ, ಸೋಸಿ, ಆರಿದ ಮೇಲೆ ರಸ ಬೆರೆಸಿ, ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ಬಾಟಲಿಗೆ ತುಂಬಿ. ಫ್ರಿಜ್ಜಿನಲ್ಲಿಟ್ಟು ಎರಡು ಮೂರು ವಾರದೊಳಗೆ ಮುಗಿಸಿ. ಹೆಚ್ಚು ದಿನ ಇಡಬೇಕೆಂದರೆ ಕಪ್ಪು ದ್ರಾಕ್ಷಿಗೆ ಮೆಟಾಬೈಸಲ್ಫೈಟ್ ಹಾಕಬಾರದು, ಬಣ್ಣ ಬಿಳಿಚಿಕೊಳ್ಳುತ್ತದೆ. ಸೋಡಿಯಂ ಬೆಂಜೊಯೇಟ್ ಹಾಕುತ್ತಾರೆ, ಅದರ ಅಳತೆಯನ್ನು ತಿಳಿದವರಿಂದ ಕೇಳಿ ಹಾಕಿ. ಮಾರುವ ಯೋಚನೆ ಇದ್ದರೆ ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಹಣ್ಣಿನ ಸಂಸ್ಕರಣೆಯ ಕಿರು ತರಬೇತಿಗಳಿವೆ. ಚೌಡೇಶ್ವರಿ ಅಮ್ಮನ ಹಬ್ಬಕ್ಕೆ ಬರುವ ನೆಂಟರಿಗೆ ಒಂದು ಲೋಟ ತಣ್ಣನೆಯ ಪನ್ನೀರ್ ದ್ರಾಕ್ಷಿ ರಸ ಕೊಟ್ಟರೆ ಯಾರೂ ಬೇಡ ಎನ್ನುವುದಿಲ್ಲ, ಕದ ಹಾಕಿಕೊಂಡು ಕುಡಿಯಬೇಕಾಗಿಯೂ ಇಲ್ಲ.

ವೈನ್ ಮಾಡುವುದನ್ನು ಕಣ್ಣಾರೆ ನೋಡಲೇಬೇಕೆಂದರೆ ನಂದಿಬೆಟ್ಟದ ಕಡೆಗೆ ಹೋಗಿ. ಓಮಲೂರಿನಿಂದ ಧರ್ಮಪುರಿ, ಕೃಷ್ಣಗಿರಿ, ಹೊಸೂರು ದಾಟಿದರೆ ಬೆಂಗಳೂರು, ಅಲ್ಲಿಂದ ದೊಡ್ಡಬಳ್ಳಾಪುರ. ವೈನರಿಯವರೇ ತೋಟ, ತೊಟ್ಟಿ, ಪೀಪಾಯಿ ಕೋಣೆ ತೋರಿಸಿ ವಿವರಿಸುತ್ತಾರೆ. ಪ್ರಶ್ನೆ ಕೇಳಲು ನಾಚಬೇಡಿ. ರುಚಿ ನೋಡುವವರು ಗಾಡಿ ಓಡಿಸಬೇಡಿ, ಡ್ರೈವರ್ ಕರೆದುಕೊಂಡು ಹೋಗಿ. ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುವವರು, ಮನೆಯಲ್ಲಿ ಕುಡಿತದಿಂದ ಬಿಡಿಸಿಕೊಂಡು ಬಂದವರು ಲೋಟ ಮುಟ್ಟದಿರುವುದೇ ಲೇಸು. "ಹೃದಯಕ್ಕೆ ಒಳ್ಳೆಯದಂತೆ" ಎಂಬ ಸಮಜಾಯಿಷಿ ಹೇಳಬೇಡಿ. ಆರೋಗ್ಯಕ್ಕೆ ಹಾನಿಯಿಲ್ಲದ ಕುಡಿತದ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿಯಾಗಿದೆ. ಬರುವಾಗ ಡಿಕ್ಕಿಯಲ್ಲಿ ಬಾಟಲಿ ತುಂಬಿಕೊಂಡು ಗಡಿ ದಾಟಬೇಡಿ. ಕರ್ನಾಟಕದ ಬಿಲ್ಲು ಕೈಯಲ್ಲಿದೆ ಎಂದ ಮಾತ್ರಕ್ಕೆ ಹೊಸೂರಿನ ತಪಾಸಣೆಯಲ್ಲಿ ಬಿಟ್ಟು ಕಳಿಸುತ್ತಾರೆಂಬ ಭರವಸೆ ಇಲ್ಲ.

ನಂದಿ ಕಡೆ ವೈನ್ ದ್ರಾಕ್ಷಿಯ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ, ಕ್ಯಾಲಿಫೋರ್ನಿಯಾದಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಎರಡೂ ಕಡೆ ಮುಂಚಿತವಾಗಿ ಫೋನ್ ಮಾಡಿ, ಹೆಸರು ಬರೆಸಿ, ಆಮೇಲೆ ಹೊರಡಿ.